ರಾಜರ ಹಾಡಿನ ಪುಸ್ತಕ: ಮಖಮಲ್ಲಿನ ಕುರ್ಚಿ

"ಕೂತ್ಕೊಳ್ಳಿ ಮೇಸ್ತ್ರಿಯವರೇ," ಎಂದರು ದೊನ್ ಲೊಯಿಸೆ.

ನಾನು ಕೂರಲಿಲ್ಲ.

ಅದೇ ಕುರ್ಚಿ. ಕೆಂಪು ಮಖಮಲ್ಲು, ಅಂಚಿಗೆ ಸಾಲಾಗಿ ಹಿತ್ತಾಳೆ ಮೊಳೆ, ಕಾಲುಗಳಿಗೆ ಸಿಂಹದ ಪಂಜ. ಹೋದ ವಾರ ಸೋಮವಾರ ಇದರಲ್ಲಿ ಕೂತು ನಾನು ಆಡಿದ ಒಂದು ಮಾತಿನಿಂದ ಪುಸ್ತಕ ಕಟ್ಟುವ ಸಲಮೋನೆ ಕೋಟೆಯ ನೆಲಮಾಳಿಗೆ ಸೇರಿದ್ದ. ಬರುವ ಶುಕ್ರವಾರ ಮಧ್ಯಾಹ್ನ ಸಂತೆ ಮೈದಾನದಲ್ಲಿ ಅವನ ಬಲಗೈ ಕಡಿಯುತ್ತಾರೆ. ಇವತ್ತು ಬುಧವಾರ.

"ನಿಂತೇ ಇರ್ತೀನಿ ಧಣಿ. ಮೈಯೆಲ್ಲಾ ಸುಣ್ಣ. ಮಖಮಲ್ಲಿಗೆ ಹತ್ತುತ್ತೆ."

"ಸೋಮವಾರ ಹತ್ತಲಿಲ್ವಾ?"

ಅವರು ನಕ್ಕರು. ನಾನು ನಗಲಿಲ್ಲ. ದೊನ್ ಲೊಯಿಸೆ ರಾಜರ ಪುಸ್ತಕ ಭಂಡಾರದ ಅಧಿಕಾರಿ. ತೆಳ್ಳನೆಯ ಮನುಷ್ಯ, ಕರೀ ನಿಲುವಂಗಿ, ಹಲ್ಲುನೋವಿಗೆಂದು ಸದಾ ಸೋಂಪು ಅಗಿಯುವ ಬಾಯಿ. ನಿಲುವಂಗಿಯ ತೋಳಿನೊಳಗಿನಿಂದ ಸಣ್ಣ ಡಬ್ಬಿ ತೆಗೆಯುವುದು, ನಾಲ್ಕು ಕಾಳು ಬಾಯಿಗೆ ಹಾಕುವುದು, ಮುಚ್ಚುವುದು. ಮಾತು ಮಾತ್ರ ಬೆಣ್ಣೆ.

"ಪುಸ್ತಕ ಇನ್ನೊಂದ್ಸಲ ನೋಡ್ಬೇಕಿತ್ತು," ಎಂದೆ.

"ಯಾಕೆ? ನೀವು ಹೇಳಿದ್ದನ್ನ ಬರೆದು ಮೊಹರು ಹಾಕಿ ಆಗಿದೆ."

"ಶುಕ್ರವಾರ ಎಲ್ಲರೆದುರಿಗೆ ಮತ್ತೆ ಹೇಳ್ಬೇಕಲ್ಲ. ನಾನು ಓದಿದವಳಲ್ಲ. ಮರೆತು ತಪ್ಪು ಹೇಳಿದ್ರೆ ನಿಮ್ಗೇ ಅವಮಾನ."

ಆ ಮಾತು ಅವರಿಗೆ ಸರಿ ಕಂಡಿತು. ಸೊಂಟದ ಬೀಗದ ಕೈ ತೆಗೆದು ಪೆಟ್ಟಿಗೆ ತೆರೆದರು. ಎರಡೂ ಕೈಯಲ್ಲಿ ಎತ್ತಿ ಪುಸ್ತಕವನ್ನು ಇಳಿಜಾರು ಮೇಜಿನ ಮೇಲಿಟ್ಟರು. ಕಿಟಕಿಯಿಂದ ಸಮುದ್ರದ ಬೆಳಕು ಅದರ ಮೇಲೆ ಬಿತ್ತು.

ಇನ್ನೂರು ವರ್ಷದ ಹಿಂದಿನ ಹಾಡುಗಳು. ಕೆಂಪು ಗೆರೆಗಳ ಮೇಲೆ ಕಪ್ಪು ಚೌಕಗಳು, ಅವು ಸ್ವರಗಳಂತೆ. ಹಾಡು ಶುರುವಾಗುವ ಅಕ್ಷರವೊಂದೊಂದೂ ಅಂಗೈಯಷ್ಟು ದೊಡ್ಡದು. ಅದರ ಹೊಟ್ಟೆಯೊಳಗೆ ನೀಲಿ, ಚಿನ್ನ, ಒಬ್ಬ ಹಾಡುಗಾರ ಅಥವಾ ಒಬ್ಬಳು ರಾಣಿ. ರಾಜರು ಹಬ್ಬದ ದಿನ ಅತಿಥಿಗಳಿಗೆ ತೋರಿಸುವುದು ಇದನ್ನೇ. ಹೋದ ತಿಂಗಳು ಯಾರೋ ಪರದೇಶದ ರಾಯಭಾರಿ ಹೆಬ್ಬೆರಳು ಇಟ್ಟಾಗ ಒಂದು ಹಾಳೆಯ ಚಿನ್ನ ಪುಡಿಯಾಗಿ ಅವನ ಉಗುರಿಗೆ ಅಂಟಿತು. ಆಗಲೇ ಗೊತ್ತಾಗಿದ್ದು, ಆ ಹಾಳೆ ನಕಲಿ, ಅಸಲಿ ಹಾಳೆ ಯಾರೋ ಕತ್ತರಿಸಿಕೊಂಡು ಹೋಗಿದ್ದಾರೆ ಎಂದು.

ನನ್ನನ್ನು ಕರೆಸಿದ್ದು ಅದಕ್ಕೆ. ಚರ್ಮವನ್ನು ಸುಣ್ಣದಲ್ಲಿ ನೆನೆಸಿ, ಚೌಕಟ್ಟಿಗೆ ಬಿಗಿದು, ಬಾಗಿದ ಕತ್ತಿಯಲ್ಲಿ ಹೆರೆದು, ಬರೆಯುವ ಹಾಳೆ ಮಾಡುವುದು ನಮ್ಮ ಮನೆತನದ ಕೆಲಸ. ಗಂಡ ಹೋದ ಮೇಲೆ ಹದಿನಾಲ್ಕು ವರ್ಷದಿಂದ ನಾನೇ ನಡೆಸುತ್ತಿದ್ದೇನೆ. ಅಕ್ಷರ ಬರುವುದಿಲ್ಲ. ಚರ್ಮ ಬರುತ್ತದೆ.

ಸೋಮವಾರ ಆರು ಜನ ದೊಡ್ಡವರ ನಡುವೆ ಬೆರಳಾಡಿಸಿ ಹೇಳಿದ್ದೆ: "ಉಳಿದದ್ದು ಕರುವಿನ ಚರ್ಮ, ಇದೊಂದು ಆಡಿಂದು. ಉಳಿದದ್ದು ಹಳೇದು, ಇದು ಹೊಸದು." ಅಷ್ಟೂ ನಿಜ. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಎದ್ದು ಬರಬೇಕಿತ್ತು.

ಆದರೆ ಅವರು ನನ್ನನ್ನು ಕೂರಿಸಿದ್ದರು. ಐವತ್ತೆರಡು ವರ್ಷದಲ್ಲಿ ಈ ಕೋಟೆಗೆ ನೂರು ಸಲ ಚರ್ಮ ಹೊತ್ತಿದ್ದೇನೆ. ಬಾಗಿಲಾಚೆಯೇ ನಿಲ್ಲಿಸಿ, ಮೂಗಿಗೆ ಬಟ್ಟೆ ಹಿಡಿದು ಮಾತಾಡಿಸುತ್ತಿದ್ದರು. ಅಂದು ಕೆಳಗೆ ಮಖಮಲ್ಲು, ಸುತ್ತ ಆರು ಜನ ನನ್ನ ಬಾಯಿ ನೋಡುತ್ತಿದ್ದಾರೆ. ದೊನ್ ಲೊಯಿಸೆ ಮೆತ್ತಗೆ ಕೇಳಿದರು, "ಹಾಗಾದ್ರೆ ಹಾಳೆ ಬದಲಾಯಿಸೋ ಕೈಚಳಕ ಯಾರಿಗಿರುತ್ತೆ ಮೇಸ್ತ್ರಿಯವರೇ?"

ಮೇಸ್ತ್ರಿ ಅಂದರು, ನನ್ನನ್ನು. ಎಲ್ಲ ಬಲ್ಲವಳ ಹಾಗೆ ತಲೆ ಎತ್ತಿ ಹೇಳಿಬಿಟ್ಟೆ: "ಇನ್ಯಾರಿಗೆ, ಪುಸ್ತಕ ಬಿಚ್ಚಿ ಕಟ್ಟಿದೋನಿಗೆ."

ಆ ಹಳೇ ಪುಸ್ತಕವನ್ನು ಹೋದ ವರ್ಷ ಬಿಚ್ಚಿ ಹೊಸದಾಗಿ ಕಟ್ಟಿದವನು ಸಲಮೋನೆ. ಸಿಸಿಲಿಯಿಂದ ತನ್ನ ಯೆಹೂದಿ ಜನರ ಜೊತೆ ಓಡಿಸಲ್ಪಟ್ಟು ದೋಣಿಯಲ್ಲಿ ನಮ್ಮ ನೇಪಲ್ಸಿಗೆ ಬಂದವನು. ಇಲ್ಲಿ ಅವನ ಪರ ಮಾತಾಡುವ ಒಬ್ಬನೂ ಇಲ್ಲ. ಆ ಮಾತು ಆಡುವಾಗ ಅದೂ ನನಗೆ ಗೊತ್ತಿತ್ತು.

ಈಗ ಆ ಹಾಳೆ ತೆರೆದೆ. ಕಿಟಕಿಯಲ್ಲಿ ರಾಣಿ, ಕೆಳಗೆ ತಂತಿವಾದ್ಯ ಹಿಡಿದ ಹಾಡುಗಾರ. ಚಿತ್ರ ಬಿಟ್ಟೆ. ಪಕ್ಕದ ಪುಟ ನೋಡಿದೆ.

ಪುಟ ಹಿಂದೆ ತಿರುಗಿಸಿ ಮತ್ತೆ ನೋಡಿದೆ.

ಚರ್ಮದ ಹಾಳೆಗೆ ಎರಡು ಮಗ್ಗುಲು. ಕೂದಲಿದ್ದ ಮಗ್ಗುಲು ಸ್ವಲ್ಪ ಹಳದಿ, ಸಣ್ಣ ಸಣ್ಣ ಚುಕ್ಕೆ ಉಳಿದಿರುತ್ತದೆ. ಮಾಂಸದ ಮಗ್ಗುಲು ಬಿಳಿ, ನುಣುಪು. ಪುಸ್ತಕ ಕಟ್ಟುವವರು ಎದುರುಬದುರು ಪುಟಗಳು ಒಂದೇ ಬಣ್ಣ ಇರುವಂತೆ ಜೋಡಿಸುತ್ತಾರೆ: ಕೂದಲಿಗೆ ಕೂದಲು, ಮಾಂಸಕ್ಕೆ ಮಾಂಸ. ಕೆಲಸ ಕಲಿಯುವವನಿಗೆ ಮೊದಲ ವಾರ ಕಿವಿ ಹಿಂಡಿ ಹೇಳಿಕೊಡುವುದೇ ಇದನ್ನ.

ಇಲ್ಲಿ ಬಿಳಿ ಪುಟದ ಎದುರು ಹಳದಿ ಪುಟ. ಹಾಳೆ ತಿರುಗುಮುರುಗಾಗಿತ್ತು. ಮೇಲಾಗಿ ಅದನ್ನು ದಾರದಲ್ಲಿ ಹೊಲಿದೂ ಇರಲಿಲ್ಲ. ಕತ್ತರಿಸಿ ಉಳಿದ ಅಂಚಿಗೆ ಅಂಟು ಹಚ್ಚಿ ಮೆತ್ತಿದ್ದರು.

ಸಲಮೋನೆ ನಿದ್ದೆಗಣ್ಣಿನಲ್ಲಿ ಕಟ್ಟಿದರೂ ಈ ತಪ್ಪು ಮಾಡುವುದಿಲ್ಲ. ಇದು ಕೆಲಸದವರ ಕೈಯಲ್ಲ. ಜೀವಮಾನವೆಲ್ಲ ಪುಟ ತಿರುಗಿಸಿ, ಒಂದು ದಿನವೂ ಒದ್ದೆ ಚರ್ಮ ಮುಟ್ಟದ ಕೈ. ಓದುವವರು ಅಕ್ಷರ ನೋಡುತ್ತಾರೆ, ಮಗ್ಗುಲು ನೋಡುವುದಿಲ್ಲ.

ಸೋಮವಾರ ನಾನೂ ನೋಡಿರಲಿಲ್ಲ. ಕುರ್ಚಿಯ ಗುಂಗಿನಲ್ಲಿ ಮೇಲಂಚು ಸವರಿ ತೀರ್ಪು ಕೊಟ್ಟಿದ್ದೆ.

ಆಗಲೇ ಹೇಳಬೇಕಿತ್ತು. ಹೇಳಲೆಂದು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ನನ್ನ ಬೆರಳು ಹಾಳೆಯ ಕೆಳಮೂಲೆಗೆ ಹೋಯಿತು.

ಅಲ್ಲೊಂದು ತೂತು, ಅವರೆಕಾಳಿನಷ್ಟು. ಚರ್ಮ ಒದ್ದೆಯಿರುವಾಗಲೇ ಹೊಲಿದು ಮುಚ್ಚಿದ್ದರು. ಬಲಗೈಯವರ ಹೊಲಿಗೆ ಒಂದು ಕಡೆ ವಾಲುತ್ತದೆ. ಇದು ಇನ್ನೊಂದು ಕಡೆ ವಾಲಿತ್ತು. ಕೊನೆಯಲ್ಲಿ ದಾರವನ್ನು ಎರಡು ಸುತ್ತು ಸುತ್ತಿ ಒಳಗೆ ತೂರಿಸಿದ ಗಂಟು. ಆ ಗಂಟು ನನ್ನ ಅಮ್ಮ ನನಗೆ ಕಲಿಸಿದ್ದು. ನಾನು ಕಲಿಸಿದ್ದು ಒಬ್ಬಳಿಗೇ, ನನ್ನ ಮಗಳು ವನ್ನೆಲ್ಲಾಗೆ.

ವನ್ನೆಲ್ಲಾ ಹುಟ್ಟಾ ಎಡಚಿ.

"ಏನಾದ್ರೂ ಕಾಣ್ತಾ?" ದೊನ್ ಲೊಯಿಸೆ ಅಗಿಯುವುದನ್ನು ನಿಲ್ಲಿಸಿದ್ದರು.

ಬೆರಳು ತೆಗೆದೆ. ಬೇಗ ತೆಗೆಯಬೇಕಿತ್ತು.

"ಏನಿಲ್ಲ ಧಣಿ. ಹಳೇ ತೂತು."

"ಹಳೇದಾ? ಹಾಳೆ ಹೊಸದು ಅಂದಿದ್ರಲ್ಲ."

"ಹೊಸಾ ಚರ್ಮದಲ್ಲೂ ಇರುತ್ತೆ. ಆಡಿಗೆ ನೊಣ ಕಚ್ಚಿದ ಜಾಗ."

ಅವರು ನನ್ನ ಮುಖ ನೋಡಿದರು. ಆಮೇಲೆ ಮೂಲೆಯ ತೂತು ನೋಡಿದರು. ಆಮೇಲೆ ಕುರ್ಚಿ ನೋಡಿದರು.

"ಕೂತಿದ್ರೆ ಚೆನ್ನಾಗಿತ್ತು," ಎಂದರು. "ನಿಮ್ಗೆ ಒಪ್ಪುತ್ತೆ ಅದು."

ಒಬ್ಬ ಮನುಷ್ಯನ ಕೈ ಉಳಿಸುವ ಮಾತು ನಾಲಿಗೆ ತುದಿಯಲ್ಲಿ ಇಟ್ಟುಕೊಂಡು, ನಮಸ್ಕಾರ ಹೇಳಿ, ಮೆಟ್ಟಿಲಿಳಿದು ಬಂದೆ.

* * *

ಕೋಟೆಯ ಹೊರಬಾಗಿಲ ಬಳಿ ಒಬ್ಬ ಹೆಂಗಸು ಬುಟ್ಟಿ ಹಿಡಿದು ನಿಂತಿದ್ದಳು. ಸಲಮೋನೆಯ ಹೆಂಡತಿ ಗೌದಿಯೋಸಾ. ತಲೆ ತಗ್ಗಿಸಿ ದಾಟಿಹೋಗಲು ನೋಡಿದೆ.

"ಅಕ್ಕಾ, ಒಂದ್ನಿಮಿಷ. ನೀವು ಒಳಗಿಂದ ಬಂದ್ರಲ್ವಾ?"

ನಿಲ್ಲಲೇಬೇಕಾಯಿತು.

"ನಮ್ಮನೆಯೋರು ಕೆಳಗಿದಾರೆ. ದಿನಾ ಊಟ ಕೊಡ್ತೀನಿ, ಅವ್ರಿಗೆ ಸೇರುತ್ತೋ ಕಾವಲಿನೋರೇ ತಿಂತಾರೋ ಗೊತ್ತಿಲ್ಲ. ನೀವು ಮತ್ತೆ ಒಳಗೆ ಹೋಗೋದಿದ್ರೆ ಒಂದು ಮಾತು ಕೇಳ್ತೀರಾ?"

ಇವಳಿಗೆ ನಾನು ಯಾರೆಂದು ಗೊತ್ತಿಲ್ಲ.

"ಕೇಳ್ತೀನಮ್ಮ."

"ಯಾರನ್ನ ಕೇಳಿದ್ರೂ ಮುಖ ತಿರುಗಿಸ್ತಾರೆ. ನಿಮ್ಮ ಮೈಯಿಂದ ಸುಣ್ಣದ ವಾಸನೆ ಬಂತು. ಅವ್ರ ಅಂಗೀಲೂ ಇದೇ ವಾಸನೆ. ಅದಕ್ಕೇ ಧೈರ್ಯ ಬಂತು." ಬುಟ್ಟಿಯಿಂದ ಎಲೆಯಲ್ಲಿ ಸುತ್ತಿದ ಹುರಿದ ಬದನೆಕಾಯಿ ತೆಗೆದು ನನ್ನ ಕೈಗಿಟ್ಟಳು. "ಬೆಳಗ್ಗೆಯಿಂದ ಏನೂ ತಿಂದಂಗಿಲ್ಲ ನೀವು. ಮುಖ ಬಿಳಿಚ್ಕೊಂಡಿದೆ."

ಬೇಡ ಎನ್ನಲಾಗಲಿಲ್ಲ. ಮನೆಯವರೆಗೂ ಅದನ್ನು ಕೈಯಲ್ಲಿ ಹಿಡಿದು ನಡೆದೆ. ತಿನ್ನುವ ಯೋಗ್ಯತೆ ಇರಲಿಲ್ಲ, ಎಸೆಯುವ ಧೈರ್ಯವೂ ಇರಲಿಲ್ಲ.

* * *

ನಮ್ಮ ಬೀದಿಯ ಗಾಳಿಗೆ ಹೊರಗಿನವರು ಮೂಗು ಮುಚ್ಚುತ್ತಾರೆ. ವನ್ನೆಲ್ಲಾ ಅಂಗಳದಲ್ಲಿ ಚೌಕಟ್ಟಿನ ಎದುರು ನಿಂತು ಚರ್ಮ ಹೆರೆಯುತ್ತಿದ್ದಳು. ಇಪ್ಪತ್ನಾಲ್ಕು ವರ್ಷ, ನನಗಿಂತ ಅರ್ಧ ಗೇಣು ಎತ್ತರ.

"ಕೋಸಿನ ಸಾರು ಒಲೆ ಮೇಲಿದೆ ಅವ್ವಾ. ಕೈಯಲ್ಲೇನದು?"

"ಆಮೇಲೆ. ಒಂದು ಒದ್ದೆ ತುಂಡು ತಾ. ಸೂಜಿ ದಾರ ತಾ."

"ಈಗ್ಯಾಕೆ?"

"ತೂತು ಮಾಡಿ ಹೊಲಿ. ನೋಡ್ಬೇಕು."

ವಿಚಿತ್ರವಾಗಿ ನೋಡಿದಳು. ಆದರೂ ತಂದಳು. ಬಲಗೈಯಲ್ಲಿ ಸೂಜಿ ಹಿಡಿದು ಹೊಲಿದಳು, ಯಾವಾಗಿನಂತೆ ಸೊಟ್ಟಪಟ್ಟ.

"ಎಡಗೈಲಿ ಹೊಲಿ."

ಸೂಜಿ ನಿಂತಿತು.

"ಎಡಗೈಲಿ ಬರಲ್ಲ ನಂಗೆ."

"ಬರುತ್ತೆ."

"ಕಟ್ಟಿಹಾಕಿದ್ದು ನೀನೇ ಅಲ್ವಾ?" ಎಂದಳು. ದನಿ ಏರಿಸಲಿಲ್ಲ. "ಎರಡು ವರ್ಷ. ಸೊಂಟಕ್ಕೆ, ನಿನ್ನ ಏಪ್ರನ್ನಿನ ದಾರದಲ್ಲಿ."

ಹೌದು. ಇವಳಿಗೆ ಐದು ವರ್ಷವಿದ್ದಾಗ. ಎಡಗೈ ಸೈತಾನನ ಕೈ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ಅದು ಸೈತಾನನ ಕೈ ಎಂದು ನಾನು ನಂಬಿರಲಿಲ್ಲ. ಆಡಿಕೊಳ್ಳುವುದಕ್ಕೆ ಹೆದರಿದ್ದೆ.

"ಹೊಲಿ ಮಗಳೇ," ಎಂದೆ.

ಸೂಜಿ ಎಡಗೈಗೆ ಹೋಯಿತು. ಹತ್ತು ಎಣಿಸುವುದರೊಳಗೆ ತೂತು ಮುಚ್ಚಿತ್ತು. ಒಂದೊಂದು ಹೊಲಿಗೆಯೂ ಅಕ್ಕಿ ಜೋಡಿಸಿಟ್ಟಂತೆ. ಕೊನೆಯಲ್ಲಿ ಎರಡು ಸುತ್ತು, ಒಳಗೆ ತೂರಿಸಿದ ಗಂಟು. ಇಷ್ಟು ಚೆಂದದ ಹೊಲಿಗೆ ನಾನು ಯಾವ ಕಾಲಕ್ಕೂ ಹಾಕಿಲ್ಲ.

"ಇದನ್ನ ಇವತ್ತು ಕೋಟೇಲಿ ನೋಡಿದೆ. ರಾಜರ ಪುಸ್ತಕದ ನಕಲಿ ಹಾಳೇಲಿ."

ಅವಳ ಮುಖದಲ್ಲಿ ಕಳ್ಳಿಯ ಭಯ ಹುಡುಕಿದೆ. ಕಂಡದ್ದು ಬರೀ ಗೊಂದಲ.

"ರಾಜರ ಪುಸ್ತಕಾನಾ? ಅವ್ರು ಯಾವುದೋ ಪ್ರಾರ್ಥನೆ ಪುಸ್ತಕ ರಿಪೇರಿಗೆ ಅಂದ್ರು."

"ಯಾರು?"

"ಹೆಸರು ಹೇಳ್ಲಿಲ್ಲ. ಸಂತ ಅಂತೋನಿ ಹಬ್ಬದ ಮಾರನೇ ದಿನ. ನೀನು ಸಲೆರ್ನೋಗೆ ಹೋಗಿದ್ದೆ. ಕಾಗದದ ಮೇಲೆ ತೂತಿನ ಆಕಾರ ಬರ್ಕೊಂಡು ಬಂದಿದ್ರು. ಇಷ್ಟೇ ಅಗಲ, ಈ ಮೂಲೇಲೇ ಇರ್ಬೇಕು, ಹೊಲಿದಿರ್ಬೇಕು ಅಂದ್ರು."

ಹಾಳೆ ಕೊಳ್ಳುವವರು ತೂತಿಲ್ಲದ್ದು ಕೊಡು ಎಂದು ಜೀವ ತಿನ್ನುತ್ತಾರೆ. ಬೇಕೆಂದೇ ತೂತು ಕೇಳುವವನು ಒಬ್ಬನೇ: ಹಳೆಯ ತೂತಿರುವ ಹಾಳೆ ಕದ್ದು, ಅದರ ಜಾಗಕ್ಕೆ ನಕಲಿ ಇಡುವವನು.

ಸಂತ ಅಂತೋನಿ ಹಬ್ಬ ಬರುವುದು ಜನವರಿಯಲ್ಲಿ. ಸಲಮೋನೆ ಪುಸ್ತಕ ಕಟ್ಟಿ ಹಿಂದಿರುಗಿಸಿದ್ದು ಕ್ರಿಸ್ಮಸ್ಸಿಗೂ ಮೊದಲು. ನಕಲಿ ಹಾಳೆಯ ಚರ್ಮ ಇನ್ನೂ ನಮ್ಮ ಅಂಗಳದಲ್ಲಿದ್ದಾಗ, ಪುಸ್ತಕ ಅವನ ಕೈ ಬಿಟ್ಟು ತಿಂಗಳಾಗಿತ್ತು.

"ನೋಡೋಕೆ ಹೆಂಗಿದ್ರು?"

"ಕರೀ ನಿಲುವಂಗಿ. ಮೂಗಿಗೆ ಬಟ್ಟೆ. ಬಟ್ಟೆ ಸರಿಸಿ ಸರಿಸಿ ಸೋಂಪು ಬಾಯಿಗೆ ಹಾಕ್ಕೊಳೋರು."

ನಾನು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ.

"ನಂಗ್ಯಾಕೆ ಹೇಳ್ಲಿಲ್ಲ?"

"ಎಡಗೈಲಿ ಹೊಲಿದೆ ಅಂತ ಹೇಳ್ಬೇಕಿತ್ತಲ್ಲ." ಸೂಜಿಯನ್ನು ಕಾಲರಿಗೆ ಚುಚ್ಚಿದಳು. "ಬಲಗೈಲಿ ಹೊಲಿದು ತೋರಿಸ್ದೆ, ಅವ್ರಿಗೆ ಹಿಡಿಸ್ಲಿಲ್ಲ. ಯಾರೂ ಇರ್ಲಿಲ್ಲ, ಎಡಗೈ ತೆಗೆದೆ. ಅದನ್ನ ನೋಡಿ ಏನಂದ್ರು ಗೊತ್ತಾ? ಇಂಥ ಕೈನ ಬಚ್ಚಿಡಬೇಡಮ್ಮ ಅಂದ್ರು. ಹಂಗಂದೋರು ಅವ್ರೊಬ್ರೇ ಅವ್ವಾ, ನಾನು ಹುಟ್ಟಿದಾಗಿಂದ."

"ಅಷ್ಟಕ್ಕೇ ಮರುಳಾದ್ಯಾ?"

ಕೇಳಿದ್ದೇ ತಡ, ನಾಲಿಗೆ ಕಚ್ಚಿಕೊಂಡೆ. ನಾನು ಎಷ್ಟಕ್ಕೆ ಮರುಳಾಗಿದ್ದೆ?

ಅವಳು ನನ್ನನ್ನೇ ನೋಡುತ್ತಿದ್ದಳು. ಜಾಣೆ. ಅವರಪ್ಪನ ಕಣ್ಣು.

"ಸಲಮೋನೆನ ಹಿಡಿದಿರೋದು ಈ ಹಾಳೆಗೇ ಅಲ್ವಾ?"

"ಹೂಂ."

"ಅವನೇ ಅಂತ ಹೇಳಿದ್ಯಾರು? ಕೋಟೆಯ ಯಾರೋ ದೊಡ್ಡೋರು ಅಂತ ಬೀದೀಲೆಲ್ಲ ಮಾತು. ಮೊನ್ನೆ ನೀರಿನ ಕಟ್ಟೆ ಹತ್ರ ಅಂತಿದ್ರು, ನೀನೂ ಅಯ್ಯೋ ಪಾಪ ಅಂದೆ."

"ನಾನೇ."

"ಏನು ನೀನೇ?"

"ಹೇಳಿದ್ದು ನಾನೇ. ಕುರ್ಚಿ ಹಾಕಿ ಕೂರಿಸಿದ್ರು. ಮೇಸ್ತ್ರಿಯವರೇ ಅಂದ್ರು. ಹೇಳ್ಬಿಟ್ಟೆ."

ಅವಳು ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಒಳಗೆ ಹೋಗಿ ತಟ್ಟೆ ತಂದು, ನನ್ನ ಕೈಯಲ್ಲಿದ್ದ ಎಲೆಯ ಪೊಟ್ಟಣ ತೆಗೆದು ಅದರಲ್ಲಿಟ್ಟಳು.

"ಇದ್ಯಾರು ಕೊಟ್ರು?"

"ಅವನ ಹೆಂಡ್ತಿ."

ಅವಳು ತಟ್ಟೆಯನ್ನು ಬಾವಿಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿಟ್ಟಳು.

"ನಾಳೆ ಬೆಳಗ್ಗೆ ನ್ಯಾಯಾಧಿಕಾರಿ ಹತ್ರ ಹೋಗ್ತೀನಿ," ಎಂದೆ. "ಹಾಳೆ ಮಗ್ಗುಲು ತಪ್ಪಿದೆ, ಕಟ್ಟೋನ ಕೆಲ್ಸ ಅಲ್ಲ, ನಾನು ತಪ್ಪು ಹೇಳ್ದೆ ಅಂತೀನಿ. ನಿನ್ನ ವಿಷ್ಯ ಎತ್ತಲ್ಲ."

"ಚರ್ಮದೋಳ ಮಾತು ಒಂದ್ಸಲ ನಂಬಿದಾರೆ, ಬೇಕಿತ್ತು ನಂಬಿದ್ರು. ಬೇಡದ್ದನ್ನ ನಂಬ್ತಾರಾ? ನಾನೂ ಬರ್ತೀನಿ. ಆ ಹೊಲಿಗೆ ನಂದು, ಹಾಕಿದ್ದು ಜನವರೀಲಿ ಅಂತೀನಿ. ಅವ್ರೆದುರೇ ಹೊಲಿದು ತೋರಿಸ್ತೀನಿ."

"ಬೇಡ ಕಣೇ. ಸಲಮೋನೆ ಕೈ ಬಿಟ್ಟು ನಿನ್ನ ಕೈ ಕೇಳ್ತಾರೆ."

"ಯಾವ ಕೈ? ನೀನು ಕಟ್ಟಿಹಾಕಿದ್ದಾ?"

ಅವಳ ಎಡಗೈ ಹಿಡಿಯಲು ಕೈ ಚಾಚಿದೆ.

ಅಷ್ಟರಲ್ಲಿ ಬೀದಿಯಲ್ಲಿ ಗದ್ದಲವೆದ್ದಿತು. ನಗು, ಶಿಳ್ಳೆ, ಬಾಗಿಲು ತೆರೆಯುವ ಸದ್ದು. ಎದುರು ಮನೆಯ ಕುಬೆಲ್ಲಾ ಕಿಟಕಿಯಿಂದ ಕೂಗುತ್ತಿದ್ದಳು:

"ಮಸೆಲ್ಲಕ್ಕಾ, ಬಾ ಬಾ ಹೊರಗೆ. ಇನ್ಮೇಲೆ ಚರ್ಮ ಹೆರೆಯೋದು ಕೂತ್ಕೊಂಡೇನಾ?"

ಇಬ್ಬರು ಹಮಾಲರು ಬೆವರು ಸುರಿಸುತ್ತ ಅಂಗಳಕ್ಕೆ ಬಂದರು. ಅವರ ಹೆಗಲ ಮೇಲೆ ಕೆಂಪು ಮಖಮಲ್ಲಿನ ಕುರ್ಚಿ.

"ದೊನ್ ಲೊಯಿಸೆ ಧಣಿ ಕಳಿಸಿದಾರೆ," ಎಂದ ಒಬ್ಬ. "ಶುಕ್ರವಾರದವರೆಗೆ ಇದ್ರಲ್ಲಿ ಕೂತು ದಣಿವಾರಿಸ್ಕೊಬೇಕಂತೆ. ಇಟ್ಕೊಳ್ಳಿ, ನಿಮ್ದೇ."

"ವಾಪಸ್ ತಗೊಂಡು ಹೋಗಪ್ಪ."

"ಈ ಭಾರನ ಮತ್ತೆ ಹೊರೋಕೆ ನಾವೇನು ಕತ್ತೆಗಳಾ ತಾಯಿ?" ಎಂದು ಇಳಿಸಿ ನಡೆದರು.

ಸುಣ್ಣದ ಗುಂಡಿಗಳ ನಡುವೆ ಆ ಕುರ್ಚಿ ಪಂಜ ಊರಿ ನಿಂತಿತ್ತು. ಬೀದಿಯವರೆಲ್ಲ ಗೋಡೆಯಾಚೆಯಿಂದ ಇಣುಕುತ್ತಿದ್ದರು. ನನ್ನ ನಾಚಿಕೆಯನ್ನು ಹೊತ್ತು ತಂದು ನನ್ನ ಅಂಗಳದಲ್ಲೇ ಮೆರವಣಿಗೆ ಮಾಡಿದಂತಾಯಿತು. ಎತ್ತಿ ಗುಂಡಿಗೆ ಎಸೆಯಬೇಕೆಂದು ಹಿಂಬದಿಗೆ ಕೈ ಹಾಕಿದೆ.

ಸೀಟಿನ ಹಿಂದಿನ ಮೊಳೆಗಳು ಹೊಸವು. ಮುಂದಿನವು ಮಂಕಾಗಿದ್ದವು, ಈ ಒಂದು ಸಾಲು ಫಳಫಳ ಹೊಳೆಯುತ್ತಿತ್ತು. ಬೆಳಗ್ಗೆ ಎಲ್ಲವೂ ಮಂಕೇ ಇದ್ದವು.

ಅಂಗೈ ಒತ್ತಿದೆ. ಮಖಮಲ್ಲಿನ ಕೆಳಗೆ ಹತ್ತಿ ಸದ್ದು ಮಾಡುವುದಿಲ್ಲ. ಇದು ಸಣ್ಣಗೆ ಮುರುಮುರು ಎಂದಿತು. ಆ ಸದ್ದು ನನಗೆ ನನ್ನ ಉಸಿರಿನಷ್ಟು ಪರಿಚಯ. ಹಳೆಯದು. ಕರುವಿನದು. ಬೆರಳು ಸರಿಸುತ್ತ ಹೋದೆ. ಒಂದು ಕಡೆ ದಪ್ಪಗೆ ಗಡುಸು, ಚಿನ್ನ ಮೆತ್ತಿದ ಜಾಗ. ಇನ್ನೂ ಕೆಳಗೆ, ಮೂಲೆಗೆ.

ಅವರೆಕಾಳಿನಷ್ಟು ಒಂದು ತೂತು. ಅದರ ಮೇಲೆ ಇನ್ನೂರು ವರ್ಷದ ಹಿಂದೆ ಯಾರೋ ಹಾಕಿದ ಹೊಲಿಗೆ. ಕಳುವಾದ ಅಸಲಿ ಹಾಳೆ ಈಗ ನನ್ನ ಅಂಗಳದಲ್ಲಿತ್ತು.

"ಏನವ್ವಾ?" ವನ್ನೆಲ್ಲಾ ಹತ್ತಿರ ಬಂದಳು. "ಅಲ್ಲೇನಿದೆ?"

ಹೇಳಲು ಬಾಯಿ ತೆರೆದೆ. ಬೀದಿಯ ನಗು ಒಮ್ಮೆಗೇ ನಿಂತಿತ್ತು. ಕಲ್ಲುಹಾಸಿನ ಮೇಲೆ ಕೋಟೆಯ ಕಾವಲಿನವರ ಬೂಟುಗಳ ಸದ್ದು, ನಾಲ್ಕೋ ಐದೋ ಜನರದು. ಯಾರೋ ಗಡಸು ದನಿಯಲ್ಲಿ, ಚರ್ಮದ ಮಸೆಲ್ಲಾಳ ಮನೆ ಯಾವುದೆಂದು ಕೇಳಿದರು.

ಕುಬೆಲ್ಲಾ ಕಿಟಕಿಯಿಂದಲೇ ಹೆಮ್ಮೆಯಿಂದ ಹೇಳಿದಳು:

"ಈಗ ಕುರ್ಚಿ ಹೋಯ್ತಲ್ಲ ಸ್ವಾಮಿ, ಅದೇ ಮನೆ."